ನೆಂಟರ ಡಬ್ಬದೊಳಗೆ ಆಕಾಶದ ಚೂರು

ನಾನು ಹಿಡಿದ ಕೆಲಸ ಮುಗಿಸಿದ ಇತಿಹಾಸವೇ ಇಲ್ಲ. ಒಂದೇ ತೋಳಿನ ಸ್ವೆಟರ್ ಇನ್ನೂ ಬೀರುವಿನಲ್ಲಿದೆ. ಸ್ಕೂಟರ್ ಕಲಿಯಲು ಹೋಗಿ ಹೆತ್ತೂರು ರಸ್ತೆಯ ಮೊದಲ ತಿರುವಿನಲ್ಲೇ ಚರಂಡಿಗಿಳಿದೆ. ಹಾಗಾಗಿ, ಬೆಳೆಗಾರರ ಕೂಟದ ತಂಬೋಲಾದಲ್ಲಿ ಸಾವಿರ ಚೂರುಗಳ ಜಿಗ್ಸಾ ಪಜಲ್ ನನಗೆ ಬಹುಮಾನವಾಗಿ ಬಂದಾಗ, ಯಜಮಾನರು ರವಿಚಂದ್ರ ಡಬ್ಬಿಯ ಮೇಲಿನ ಹಿಮದ ಬೆಟ್ಟ ನೋಡಿ, "ಆ ಸ್ವೆಟರ್ ಮುಗ್ಸಿದ್ರೆ ಇಲ್ಲಿಗೆ ಹಾಕ್ಕೊಂಡು ಹೋಗ್ಬೋದಿತ್ತು ಕಣೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಇದನ್ನ ಒಬ್ಳೇ ಮುಗಿಸ್ತೀನಿ. ಯಾರೂ ಮುಟ್ಟಬಾರ್ದು" ಎಂದು ಸಾರಿದೆ.

ಕಾಫಿ ಕೊಯ್ಲು ಮುಗಿದಿತ್ತು. ಬೀಜ ಆರಿಸುವ ಮೊರಗಳಲ್ಲಿ ಚೂರುಗಳನ್ನು ಬಣ್ಣದ ಪ್ರಕಾರ ಹಾಕಿಕೊಂಡು ಕೂತೆ. ಬೆಟ್ಟ ಹೇಗೋ ಬಂತು, ಆಕಾಶ ಮಾತ್ರ ನನ್ನ ಮಾನ ಕಳೆಯಿತು. ಎಲ್ಲಾ ನೀಲಿ! ಸಿಟ್ಟಿಗೆ ಒಂದು ಚೂರನ್ನು ಮುಷ್ಟಿಯಿಂದ ಗುದ್ದಿ ಕೂರಿಸಿದೆ. ಅದು ಬೆಟ್ಟದ ಬುಡದ ಕೆರೆಯ ನೀರೆಂದು ಮರುದಿನ ಗೊತ್ತಾಯಿತು.

ಇದರ ಮಧ್ಯೆ ಯಜಮಾನರ ಕೈ ಸುಮ್ಮನಿರುತ್ತಿರಲಿಲ್ಲ. ತೋಟಕ್ಕೆ ಹೊರಟವರು ಬಗ್ಗಿ, ಒಂದು ಚೂರು ಕೂರಿಸಿ ಹೋಗುವರು. ಅವರು ಮರೆಯಾದ ಮೇಲೆ ನಾನು ಅದನ್ನು ಕಿತ್ತು ಮತ್ತೆ ನಾನೇ ಕೂರಿಸುತ್ತಿದ್ದೆ. ಕೊನೆಯ ಚೂರನ್ನೂ ಅವರೇ ಇಟ್ಟುಬಿಟ್ಟರೆ ಊರೆಲ್ಲ ತಾವೇ ಮುಗಿಸಿದ್ದೆಂದು ಹೇಳಿಕೊಂಡು ಬರುತ್ತಾರೆ. ಅದಕ್ಕೇ ಆಕಾಶದ ಒಂದು ಚೂರನ್ನು ಕದ್ದು ಬಚ್ಚಿಟ್ಟೆ.

ಎಲ್ಲಿ ಅಂತೀರಾ? ಕಾಫಿ ಬೆಳೆಯುವವರ ಮನೆಯಲ್ಲಿ ಒಳ್ಳೆಯ ಬೀಜವೆಲ್ಲ ಮಾರಾಟಕ್ಕೆ, ನಾವು ಕುಡಿಯುವುದು ಜೊಳ್ಳು, ಒಡಕು. ಒಳ್ಳೆಯ ಪುಡಿ ಒಂದೇ ಡಬ್ಬದಲ್ಲಿ, ನೆಂಟರಿಗೆಂದು. ಅತ್ತೆ ದೇವೀರಮ್ಮ ಅದನ್ನು ಮನೆಯವರಿಗಾಗಿ ತೆರೆದದ್ದೇ ಇಲ್ಲ. ಅದರೊಳಗೆ ಹೂತಿಟ್ಟು, ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಒಂದು ಮಧ್ಯಾಹ್ನ ಅತ್ತೆ ಮೇಜಿನ ಬಳಿ ನಿಂತು, "ಆಗೋಯ್ತೇನೆ?" ಎಂದರು.

"ಇನ್ನೇನು ಆಗೋಯ್ತು ಅತ್ತೆ."

ಅವರು ಒಳಗೆ ಹೋದರು. ಒಂದೇ ತೂತು ಉಳಿದಾಗ, ಬಚ್ಚಿಟ್ಟ ಚೂರು ತರಲು ನಾನೂ ಅಡುಗೆಮನೆಗೆ ಹೋದೆ. ಘಮ ಘಮ ಪರಿಮಳ. ನೆಂಟರ ಡಬ್ಬ ಬಾಯಿ ತೆರೆದಿತ್ತು. ಅತ್ತೆ ಬಟ್ಟೆಯಲ್ಲಿ ಕಾಫಿ ಸೋಸುತ್ತಿದ್ದರು.

"ಯಾರು ಬಂದ್ರು ಅತ್ತೆ?"

"ಯಾರೂ ಇಲ್ಲ ಕಣೆ. ಒಂದ್ ಕೆಲ್ಸ ಮುಗಿಸ್ಬುಟ್ಟೆಯಲ್ಲ, ನಿಂಗೇ ಅಂತ ತೆಗ್ದೆ." ಆಮೇಲೆ ಬಟ್ಟೆ ಬಿಡಿಸಿ ನೋಡಿದರು. "ಇದೇನ್ ಮಾರಾಯ್ತಿ, ಪುಡೀಲಿ ರಟ್ಟೈತೆ!"

ನನ್ನ ಆಕಾಶ ಬೆಂದು, ಕಂದಾಗಿ, ಉಬ್ಬಿಕೊಂಡಿತ್ತು. ಮದುವೆಗೆ ಮುಂಚೆ ಈ ಮನೆ ನೋಡಲು ಬಂದ ದಿನ ಬಿಟ್ಟರೆ, ಆ ಡಬ್ಬ ನನಗೆಂದು ತೆರೆದದ್ದು ಅಂದೇ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

"ಹಂಗಾದ್ರೆ ಇನ್ನೂ ಮುಗ್ದಿಲ್ಲ ಅನ್ನು" ಎಂದರು ಅತ್ತೆ. ಆದರೂ ಲೋಟ ನನ್ನ ಕಡೆಗೇ ತಳ್ಳಿದರು. ಕಾಫಿಗೆ ಸ್ವಲ್ಪ ರಟ್ಟಿನ ರುಚಿಯಿತ್ತು. ಒಂದು ಹನಿ ಬಿಡದೆ ಕುಡಿದೆ.

ಚೂರನ್ನು ಒಲೆಕಟ್ಟೆಯ ಮೇಲೆ ಒಣಗಿಸಿ, ಗುದ್ದಿ ಕೂರಿಸಿದೆ. ಸಂಜೆ ಯಜಮಾನರು ಬಂದು, ನೀಲಿಯ ನಡುವಿನ ಕಂದು ಮಚ್ಚೆಯ ಮೇಲೆ ಬೆರಳಿಟ್ಟು, "ಇದನ್ಯಾರು ಇಟ್ಟಿದ್ದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು.

"ಅವ್ಳೇ ಕಣೋ. ಒಬ್ಳೇ ಮುಗಿಸ್ಬುಟ್ಳು."