ಹೆಸರು ಕೇಳುವ ಮೊದಲು

ಚಿಕಿತ್ಸಾಲಯಕ್ಕೆ ಬಂದವರ ಹೆಸರು ಕೇಳುವ ಮೊದಲೇ ಅವರ ತಲೆಯನ್ನು ನಲ್ಲಿಯ ಕೆಳಗೆ ಬಗ್ಗಿಸಿಬಿಡುವುದು ದಾದಿ ತೊಮೆಯವರ ಕ್ರಮವಾಗಿತ್ತು. ತೋಸಾ ಕಡಲತೀರದ ನಮ್ಮ ಸುಣ್ಣದ ಗೂಡುಗಳ ಊರಿನಲ್ಲಿ ಆ ಕೈಯ ಬಿಗಿಯನ್ನು ಕತ್ತಿನ ಮೇಲೆ ಅನುಭವಿಸದ ಕೆಲಸಗಾರರು ವಿರಳ. ಕುಳ್ಳಗಿನ ದೇಹ, ಬಲಗಾಲನ್ನು ತುಸು ಎಳೆದು ಹಾಕುವ ನಡಿಗೆ, ಬೇಸಿಗೆಯಲ್ಲೂ ಕಳಚದ ನೀಲಿ ಉಣ್ಣೆಯ ಕೋಟು. ಅದರ ತೋಳುಗಳು ಮೊಣಕೈವರೆಗೆ ಸದಾ ಒದ್ದೆ. ಮಡಚಿಕೊಳ್ಳಬಾರದೇ ಎಂದರೆ, ಅಷ್ಟು ಪುರುಸೊತ್ತು ಯಾರಿಗಿದೆ ಎಂದು ಗದರುತ್ತಿದ್ದರು.

ಕಣ್ಣಿಗೆ ನೀರು ಹಾಕಲು ನಮ್ಮವರಿಗಿದ್ದ ಭಯವೂ ಬುಡವಿಲ್ಲದ್ದಲ್ಲ. ಸುಟ್ಟ ಸುಣ್ಣಕ್ಕೆ ನೀರು ತಾಕಿದರೆ ಕೊತಕೊತ ಕುದಿಯುವುದನ್ನು ಹುಟ್ಟಿದಾಗಿನಿಂದ ಕಂಡವರು, ಕಣ್ಣಿಗೆ ಸುಣ್ಣ ಸಿಡಿದಾಗ ನೀರನ್ನು ದೂರವಿಟ್ಟು, ಒಣಬಟ್ಟೆ ಬಿಗಿದು, ಪೇಟೆಯ ಕಣ್ಣಿನ ವೈದ್ಯರಲ್ಲಿಗೆ ಓಡುತ್ತಿದ್ದರು. ಆ ದಾರಿಯುದ್ದಕ್ಕೂ ಸುಣ್ಣ ಕಣ್ಣನ್ನು ತಿನ್ನುತ್ತಲೇ ಇರುತ್ತಿತ್ತು.

ನೀರು ಹಾಕಿ ಸುಣ್ಣ ಅರಳಿಸುವ ಗೊಹೆಯ್‌ನನ್ನು ಅವನ ಹೆಂಡತಿ ಕಿನು ಹಾಗೆಯೇ ಕಣ್ಣು ಕಟ್ಟಿ ಕರೆತಂದಳು. ತೊಮೆ ಬಟ್ಟೆ ಕಿತ್ತೆಸೆದು, ರೆಪ್ಪೆ ಮಗುಚಿ, ಹತ್ತಿಯಿಂದ ಸುಣ್ಣದ ಹರಳುಗಳನ್ನು ತೆಗೆದರು. ನಲ್ಲಿಗೆ ಕೈ ಹಾಕುವಷ್ಟರಲ್ಲಿ ಕಿನು ಆ ಕೈ ಹಿಡಿದುಕೊಂಡಳು.

“ಬೇಡ ಅಕ್ಕಾ, ನೀರು ಬಿದ್ರೆ ಕಣ್ಣು ಬೆಂದೋಗತ್ತೆ.”

ತೊಮೆ ಇನ್ನೊಂದು ಕೈಯಿಂದ ನಲ್ಲಿ ತಿರುಗಿಸಿದರು.

“ನಮ್ಮಪ್ಪಂಗೆ ಹಿಂಗೇ ಆದಾಗ ಅಮ್ಮ ನೀರು ತಂದ್ಲು ಕಣೆ. ಬೇಡ ಅಂತ ಬಿಂದಿಗೆ ಕಿತ್ಕೊಂಡೋಳು ನಾನೇ. ಒಂಬತ್ತು ವರ್ಷ ನಂಗೆ. ಆಮೇಲೆ ಸಾಯೋವರೆಗೂ ಅಪ್ಪಂಗೆ ನನ್ನ ಮುಖ ಕಾಣಲಿಲ್ಲ.”

ಕಿನು ಕೈಬಿಟ್ಟಳು.

ಅರ್ಧ ಗಂಟೆ ಕಳೆದ ಮೇಲೆ, ಪೇಟೆಗೆ ಒಯ್ಯುವ ಗಾಡಿ ಬಂದಿದೆ ಎಂದು ಚಿಕಿತ್ಸಾಲಯದ ಎಳೆಯ ವೈದ್ಯರು ಅವಸರಪಡಿಸಿದರು. ತೊಮೆ ಕಣ್ಣಿನ ಅಂಚಿಗೆ ಪರೀಕ್ಷೆಯ ಕಾಗದದ ಚೂರು ಮುಟ್ಟಿಸಿದರು. ಅದು ನೀಲಿಗೆ ತಿರುಗಿತು. ಸುಣ್ಣದ ಕ್ಷಾರ ಇನ್ನೂ ಒಳಗಿತ್ತು. ಗಾಡಿ ಕಾಯಲಿ ಎಂದರು. ಗೊಹೆಯ್ ಸಾಕೆಂದು ನರಳಿದಾಗಲೆಲ್ಲ ಅವರ ಎಂದಿನ ಒಂದೇ ಮಾತು: “ಇನ್ನೊಂಚೂರು.” ಕಾಗದ ಬಣ್ಣ ಬದಲಿಸದೆ ಉಳಿಯುವ ಹೊತ್ತಿಗೆ ಗಂಟೆ ದಾಟಿತ್ತು, ಕೋಟು ಎದೆಯವರೆಗೂ ತೊಯ್ದಿತ್ತು.

ಮೂರು ತಿಂಗಳ ಮೇಲೆ ಗೊಹೆಯ್ ಬಂದು ಬಾಗಿಲಲ್ಲೇ ನಿಂತ. ಎಡಗಣ್ಣಿಗೆ ಮಂಜು ಉಳಿದಿತ್ತು, ಬಲಗಣ್ಣು ತಿಳಿಯಾಗಿತ್ತು. ಆ ಕಣ್ಣಿಂದ ತುಸು ಹೊತ್ತು ದಿಟ್ಟಿಸಿ, “ಅಕ್ಕಾ, ಕೋಟಿನ ಎರಡನೇ ಗುಂಡಿ ಬಿದ್ದೋಗಿದೆ” ಎಂದ. ತೊಮೆ ಎದೆಯ ಮೇಲೆ ಕೈಯಾಡಿಸಿಕೊಂಡರು. ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಇಂಥವರ ಕರುಣೆಗೆ ಸವಿಮಾತು ಬಾರದು, ಅದು ಕತ್ತು ಹಿಡಿದು ಬಗ್ಗಿಸುತ್ತದೆ. ಅವರು ಎಷ್ಟು ಜನರನ್ನು ಉಳಿಸಿದರೂ, ಉಳಿಸಲಾಗದೆ ಹೋದ ಒಬ್ಬರು ಒಳಗೆ ಕುಳಿತೇ ಇರುತ್ತಾರೆ. ತೊಮೆ ಯಾರ ಹೆಸರನ್ನೂ ಮೊದಲು ಕೇಳದಿದ್ದುದು ಅದಕ್ಕೇ ಇರಬೇಕು. ಆ ನಲ್ಲಿಯ ಕೆಳಗೆ ಬಗ್ಗಿದ ತಲೆ, ನೀರು ಹರಿಯುವಷ್ಟು ಹೊತ್ತೂ, ಅವರಿಗೆ ಅಪ್ಪನದೇ.