ಸೇಜ್ ಹಳ್ಳದ ಹಾಜರಿ

ಆರ್ಡಿಸ್ ಹೆಗ್‌ಸ್ಟಾಡ್ ಎಣಿಕೆಯಲ್ಲಿ ತಪ್ಪುವ ಹೆಂಗಸಲ್ಲ. ಚಳಿಗೆ ಮುಂಚೆ ಗುಡ್ಡದಿಂದ ಇಳಿದು ಬರುವ ಮುನ್ನೂರು ದನಗಳನ್ನು ಗೇಟಿನ ಪಕ್ಕ ನಿಂತು, ಹರಟೆ ಹೊಡೆಯುತ್ತಲೇ ಎಣಿಸಿ ಮುಗಿಸುತ್ತಾಳೆ. ಅಂಥವಳು ಅಕ್ಟೋಬರ್‌ನ ಮೊದಲ ಸೋಮವಾರ ಸೇಜ್ ಹಳ್ಳದ ಒಂದೇ ಕೋಣೆಯ ಶಾಲೆಯಲ್ಲಿ ನಿಂತು ಮಕ್ಕಳ ತಲೆಗಳನ್ನು ಮೂರು ಸಲ ಎಣಿಸಿದಳು. ಮೂರು ಸಲವೂ ಒಂಬತ್ತೇ. ಟೀಚರ್ ಕಾರ್ಲಿಸ್ ಬರೆದಿಟ್ಟಿದ್ದ ಹಾಜರಿ ಪುಸ್ತಕದಲ್ಲಿ ಮಾತ್ರ ದಿನಾಲೂ ಹತ್ತು.

ಒಂಬತ್ತಾದರೇನು, ಹತ್ತಾದರೇನು ಎಂದು ಸುಮ್ಮನಿರುವ ಹಾಗಿರಲಿಲ್ಲ. ಎಣಿಕೆಯ ದಿನವಾದ ಆ ಸೋಮವಾರ ಹತ್ತು ಮಕ್ಕಳಿಲ್ಲದಿದ್ದರೆ ಶಾಲೆಗೆ ಬೀಗ, ಮಕ್ಕಳು ನಲವತ್ತು ಮೈಲಿ ಆಚೆಯ ಪಟ್ಟಣಕ್ಕೆ ಎಂದು ಶಾಲಾ ಮಂಡಳಿ ಮೇ ತಿಂಗಳಲ್ಲೇ ಠರಾವು ಮಾಡಿತ್ತು. ಆ ಮಂಡಳಿಗೆ ಆರ್ಡಿಸಳೇ ಅಧ್ಯಕ್ಷೆ. ಅವಳು ಓದಿದ್ದು ಇಲ್ಲೇ, ಅವಳ ತಾಯಿ ಓದಿದ್ದೂ ಇಲ್ಲೇ, ಮೊಮ್ಮಗಳು ಕಿರ್ಸ್ಟನ್ ಈಗ ಎದುರಿಗೇ ನಿಂತಿದ್ದಳು. ಶಾಲೆ ಮುಚ್ಚಿದರೆ ಕಣಿವೆಯ ಎಳೆಯ ಸಂಸಾರಗಳು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆ ಒಂದು ತಲೆಗಾಗಿ ಅವಳು ಬೇಸಿಗೆಯೆಲ್ಲ ಕಂಡಕಂಡವರ ಮನೆ ಬಾಗಿಲು ತಟ್ಟಿದ್ದಳು.

"ಹತ್ತನೇದು ಎಲ್ಲಿದೆಯಮ್ಮಾ?" ಎಂದು ಟೀಚರನ್ನು ಕೇಳಿದಳು.

ಕಾರ್ಲಿಸ್ ಆಗಸ್ಟ್‌ನಲ್ಲಷ್ಟೇ ದೂರದಿಂದ ಬಂದ ಹುಡುಗಿ, ಊರಿನ ಹಿಂದುಮುಂದು ತಿಳಿಯದವಳು. ಮುಖ ಸಣ್ಣದು ಮಾಡಿಕೊಂಡು, "ನಂಗೂ ಗೊತ್ತಿಲ್ಲ. ಮಕ್ಕಳು ಕೂಗಿದ್ದನ್ನ ಬರೀತೀನಿ ಅಷ್ಟೆ. ನೀವೇ ಕೇಳಿ ನೋಡಿ" ಎಂದಳು.

ಮಕ್ಕಳು ಚಿಕ್ಕವರಿಂದ ದೊಡ್ಡವರವರೆಗೆ ಸಾಲಾಗಿ ನಿಂತು ಎಣಿಕೆ ಕೂಗುವುದು ಆ ಶಾಲೆಯ ಹಳೆಯ ರೂಢಿ. ಒಂದು, ಎರಡು, ಮೂರು. ಮೂರು ಎಂದ ಹುಡುಗನ ಪಕ್ಕದಲ್ಲೇ ಕಿರ್ಸ್ಟನ್ ಇದ್ದಳು. ಅವಳು ಬಾಯಿ ತೆರೆಯಲಿಲ್ಲ. ಸರದಿ ತನ್ನದಲ್ಲ ಎಂಬಂತೆ ಸುಮ್ಮನೆ ಕಾದಳು.

"ನಾಲ್ಕು."

ಹುಡುಗಿಯ ದನಿ. ಸ್ವಲ್ಪ ಮೂಗು ಕಟ್ಟಿದ ಹಾಗೆ. ಯಾರ ತುಟಿಯೂ ಅಲುಗಿರಲಿಲ್ಲ.

"ಐದು" ಎಂದಳು ಕಿರ್ಸ್ಟನ್. ಎಣಿಕೆ ಮುಂದೆ ಸಾಗಿ ಹತ್ತಕ್ಕೆ ನಿಂತಿತು.

ಆರ್ಡಿಸ್ ದನಿ ಬಂದ ಕಡೆಗೇ ನೋಡಿದಳು. ಮೊಮ್ಮಗಳು ಹತ್ತಿರ ಬಂದು, "ಯಾಕಜ್ಜಿ ಹಂಗ್ ನೋಡ್ತೀಯ? ಇಂಗಾ ಅಲ್ವಾ ಅದು. ಅವಳು ಯಾವಾಗ್ಲೂ ನಾಲ್ಕೇ" ಎಂದಳು, ಹೊರಗೆ ಬಿಸಿಲಿದೆ ಎನ್ನುವಷ್ಟು ಸಲೀಸಾಗಿ.

ಇಂಗಾ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಎಂಟು ವರ್ಷ. ಮಂಡಳಿಯ ಮತ್ತೊಬ್ಬ ಸದಸ್ಯೆ ಸಿಗ್ನಿಯ ಒಬ್ಬಳೇ ಮಗಳು.

ಹಿಮಗಾಳಿ ಎದ್ದ ದಿನ ಶಾಲೆಗೆ ರಜೆ ಕೊಡಬೇಕಾದವಳು ಅಧ್ಯಕ್ಷೆ. ಅವಳು ಮೊದಲ ಮನೆಗೆ ಫೋನ್ ಮಾಡಬೇಕು, ಅವರು ಮುಂದಿನ ಮನೆಗೆ, ಅವರು ಅದರಾಚೆಗೆ. ಕೊನೆಯ ಮನೆ ಸಿಗ್ನಿಯದು. ಸಿಗ್ನಿ ತಿರುಗಿ ಅಧ್ಯಕ್ಷೆಗೆ ಫೋನ್ ಮಾಡಿ "ಸುತ್ತು ಮುಗೀತು" ಎಂದರೆ ಎಲ್ಲರಿಗೂ ಮುಟ್ಟಿತು ಎಂದು ಲೆಕ್ಕ. ಆವತ್ತು ಆರ್ಡಿಸ್ ಮೊದಲ ಮನೆಗೆ ಫೋನ್ ಮಾಡಿದಳು, ಆದರೆ ನಡುವಿನ ಒಂದು ಮನೆಯ ಫೋನ್ ಕೆಟ್ಟಿತ್ತು. ತಿರುಗಿ ಕರೆ ಬರಲಿಲ್ಲ. ಆರ್ಡಿಸ್ ಕಾದಳು, ಆದರೆ ಕೊಟ್ಟಿಗೆಯಲ್ಲಿ ಕಡಸೊಂದು ಹೆರಿಗೆನೋವಿನಲ್ಲಿ ಒದ್ದಾಡುತ್ತಿತ್ತು. ಸಿಗ್ನಿ ಮರೆತಿರಬೇಕು ಎಂದುಕೊಂಡು, ತಾನೇ ಅವಳಿಗೆ ಫೋನ್ ಮಾಡದೆ ಎದ್ದು ಹೋದಳು. ಸಿಗ್ನಿಯ ದಿಣ್ಣೆಯ ಮೇಲೆ ಇನ್ನೂ ಹಿಮ ಬಿದ್ದಿರಲಿಲ್ಲ. ಮಗು ಎಂದಿನಂತೆ ಒಂದು ಮೈಲಿ ನಡೆದು ರಸ್ತೆಗೆ ಬಂದು, ಬಾರದ ಬಸ್ಸಿಗಾಗಿ ಕಾಯುತ್ತ ನಿಂತಿತು. ಅಲ್ಲೇ ಹಿಮಗಾಳಿ ಕವಿಯಿತು. ಸಂಜೆ ಹಿಮದಡಿ ಸಿಕ್ಕಿದಾಗಲೂ ಪುಸ್ತಕದ ಚೀಲ ಹೆಗಲಲ್ಲೇ ಇತ್ತು.

ಆರ್ಡಿಸಳನ್ನು ಯಾರೂ ಬಾಯಿಬಿಟ್ಟು ದೂರಲಿಲ್ಲ. ಸಿಗ್ನಿಯೂ ದೂರಲಿಲ್ಲ. ಸಭೆಗಳಿಗೆ ಬಂದು, ಎದುರಿಗೆ ಕೂತು, ನಡಾವಳಿ ಬರೆದುಕೊಂಡು ಹೋಗುತ್ತಿದ್ದಳು. ಅದನ್ನು ತಾಳಿಕೊಳ್ಳುವುದೇ ಆರ್ಡಿಸಳಿಗೆ ಕಷ್ಟವಾಗಿತ್ತು.

ಆ ಸೋಮವಾರ ಸಂಜೆ ನಾಲ್ಕಕ್ಕೆ, ಮಕ್ಕಳು ಹೋದ ಮೇಲೆ, ಅದೇ ಕೋಣೆಯಲ್ಲಿ ಸಭೆ ಸೇರಿತು. ಮೂರನೆಯ ಸದಸ್ಯ ಟೋರ್ವಿಕ್ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು ಹಾಜರಿ ಪುಸ್ತಕ ನೋಡಿದ.

"ಹತ್ತಾ? ಏನಮ್ಮ ಅಧ್ಯಕ್ಷೆ, ನಿನ್ ಸೊಸೆ ಮತ್ತೊಂದು ಹೆತ್ತು ತೊಟ್ಟಿಲಿಂದ ನೇರ ಇಲ್ಲಿಗೇ ಕಳಿಸಿದ್ಲಾ? ಸರಿ ಬಿಡು, ಸಹಿ ಹಾಕು. ನಂಗೆ ದನಕ್ಕೆ ಮೇವು ಹಾಕೋದಿದೆ."

ಆರ್ಡಿಸ್ ಪೆನ್ನು ತೆಗೆದುಕೊಂಡಳು. ಒಂದು ಸಹಿ ಹಾಕಿದರೆ ಸಾಕು, ಶಾಲೆ ಉಳಿಯುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ, ಹತ್ತು ದನಿಗಳನ್ನು ಅವಳು ಕಿವಿಯಾರೆ ಕೇಳಿದ್ದಳು.

"ನಾನೂ ಕೇಳಿದೀನಿ" ಎಂದಳು ಸಿಗ್ನಿ, ನಡಾವಳಿ ಪುಸ್ತಕದಿಂದ ತಲೆ ಎತ್ತದೆ. "ಹೋದ ತಿಂಗಳು ಬಂದು ಕಿಟಕಿ ಹತ್ರ ನಿಂತಿದ್ದೆ."

ಟೋರ್ವಿಕ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ನಗಲು ಹೋಗಿ ಬಿಟ್ಟ.

"ಶಾಲೆ ಇಲ್ಲ ಅಂತ ಅವಳಿಗೆ ಯಾರೂ ಹೇಳ್ಲೇ ಇಲ್ಲ, ಆರ್ಡಿಸ್" ಎಂದಳು ಸಿಗ್ನಿ. " ಅದಕ್ಕೇ ಬರ್ತಾನೇ ಇದಾಳೆ. ಮನೆಗೆ ಬಾ ಅಂತ ನಾನು ಎಷ್ಟು ಕರೆದ್ರೂ ಬರಲ್ಲ. ಅಮ್ಮ ಹೇಳಿದ್ಲು ಅಂತ ಶಾಲೆ ತಪ್ಪಿಸೋ ಮಗುನಾ ಅದು? ಶಾಲೆಯವರೇ ಹೇಳ್ಬೇಕು. ನೀವು ಹೇಳ್ಬೇಕು."

ಆರ್ಡಿಸಳ ಕಣ್ಣು ಹಾಜರಿ ಪುಟದ ಮೇಲೆಯೇ ಇತ್ತು. ಬದುಕಿದ್ದಾಗ ಒಂದು ಫೋನ್ ಮಾಡದೆ ಕಳೆದುಕೊಂಡ ಮಗುವನ್ನು, ಸತ್ತ ಮೇಲೂ ಶಾಲೆಗೆ ದುಡಿಸಲು ಹೊರಟಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಒಂಬತ್ತು" ಎಂದಳು. "ಒಂಬತ್ತೇ ಇರೋದು. ಬರ್ಕೋ ಸಿಗ್ನಿ."

ಮುಚ್ಚುವ ಸೂಚನೆಯನ್ನೂ ಅವಳೇ ಮಂಡಿಸಿದಳು. ಮೂರು ಕೈ ಎದ್ದವು. ಟೋರ್ವಿಕ್ ಯಾಕೋ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಆರ್ಡಿಸ್ ಎದ್ದು, ಬೆಳಿಗ್ಗೆ ಮಕ್ಕಳ ಸಾಲು ನಿಂತಿದ್ದ ಜಾಗಕ್ಕೆ ಹೋದಳು. ಖಾಲಿ ನೆಲಕ್ಕೆ ಮಾತಾಡಲು ಮೊದಲು ನಾಚಿಕೆಯಾಯಿತು.

"ಇಂಗಾ, ಇವತ್ತು ಶಾಲೆ ಇಲ್ಲ ಕಣಮ್ಮ. ಮನೆಗೆ ಹೋಗು."

ಏನೂ ಆಗಲಿಲ್ಲ. ಆಮೇಲೆ, ಆರ್ಡಿಸಳ ಮೊಣಕೈಯಷ್ಟು ಎತ್ತರದಿಂದ, ಮೂಗು ಕಟ್ಟಿದ ದನಿ ಕೇಳಿತು.

"ನಾಳೆ ಇದ್ಯಾ?"

ಟೋರ್ವಿಕ್‌ನ ಟೋಪಿ ನೆಲಕ್ಕೆ ಬಿತ್ತು. ಆರ್ಡಿಸ್ ಮಂಡಿಯೂರಿ ಕೂತಳು. ಕಣ್ಣೀರು ಗಲ್ಲಕ್ಕೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ನಾಳೆನೂ ಇಲ್ಲ, ಮಗು. ಇನ್ನು ಮೇಲೆ ಇಲ್ಲ."

ಸಿಗ್ನಿ ಆಗಲೇ ಎದ್ದು ಹೊರಬಾಗಿಲು ತೆರೆದಿದ್ದಳು. ಚಳಿಗಾಳಿ ಒಳಗೆ ನುಗ್ಗಿತು. ಒಬ್ಬರು ದಾಟಿ ಹೋಗುವಷ್ಟು ಹೊತ್ತು ಅವಳು ಬಾಗಿಲು ಹಿಡಿದು ನಿಂತಿದ್ದು, ಆಮೇಲೆ ತಾನೂ ಹೊರಗೆ ಹೋದಳು.