ಮತೆಬೆಂಗ್ ಘಾಟಿಗೆ ಎರಡು ದಾರಿ

ತೆಬೆಲ್ಲೊ ಆ ಹುಡುಗಿಯನ್ನೂ ಕರೆದುಕೊಂಡು ಬರುತ್ತೇನೆಂದು ಹೇಳಿದ್ದು ನಾವು ಹೊರಡಲು ನಾಲ್ಕೇ ದಿನ ಇರುವಾಗ. ಅದೂ ಫೋನಿನಲ್ಲಿ. ನಾನು ನಮ್ಮ ರಾಜಧಾನಿ ಮಸೇರುವಿನ ಬಟ್ಟೆ ಕಾರ್ಖಾನೆಯಲ್ಲಿ ಜೀನ್ಸ್ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದೆ, ಸುತ್ತ ಯಂತ್ರಗಳ ಗದ್ದಲ.

"ಬೊಕಾಂಗ್ ಕೂಡ ಬರ್ತಾಳೆ ಕಣೇ ಮೊಸೆಲೆ. ನಿನಗೇನೂ ತೊಂದರೆ ಇಲ್ಲ ತಾನೇ?"

ಕೇಳಿಸಲಿಲ್ಲ ಎಂದು ಎರಡು ಸಲ ಹೇಳಿಸಿದೆ. ಮೊದಲ ಸಲವೇ ಕೇಳಿಸಿತ್ತು.

ತೆಬೆಲ್ಲೊ ಕಾರು ಓಡಿಸುವುದನ್ನು ಕಲಿಸುವವಳು. ಹನ್ನೊಂದು ವರ್ಷದ ಹಿಂದೆ ನಮ್ಮಿಬ್ಬರ ಗೆಳೆತನ ಶುರುವಾದದ್ದೇ ಆಕೆಯ ಕಾರಿನಲ್ಲಿ. ಐದು ವರ್ಷದಲ್ಲಿ ನಾನು ಪರೀಕ್ಷೆಯಲ್ಲಿ ಮೂರು ಸಲ ನಪಾಸಾದ ಮೇಲೆ, "ನಿನಗೆ ಎರಡೇ ಚಕ್ರ ಸಾಕು ಬಿಡು" ಎಂದು ತನ್ನ ಹಳೇ ಸೈಕಲ್ಲನ್ನು ನನಗೆ ಕೊಟ್ಟಳು. ಅಲ್ಲಿಂದ ಆರು ವರ್ಷ, ಪ್ರತಿ ಈಸ್ಟರ್ ರಜೆಗೆ ನಾವಿಬ್ಬರೇ ಬೆಟ್ಟದ ಜಲ್ಲಿ ರಸ್ತೆಗಳಲ್ಲಿ ನಾಲ್ಕೈದು ದಿನ ತಿರುಗಿದ್ದೇವೆ. ಇಬ್ಬರ ಸೈಕಲ್ಲಿಗೂ ಚೀಲ ಹೊಲಿದವಳು ನಾನು, ಕಾರ್ಖಾನೆಯಲ್ಲಿ ಉಳಿದ ದಪ್ಪ ಬಟ್ಟೆಯಿಂದ. ಅವಳ ಚೀಲದ ಅಂಚಿಗೆ ಮೂರು ಸಾಲು ಹೊಲಿಗೆ ಹಾಕಿದ್ದೆ, ನನ್ನದಕ್ಕೆ ಎರಡೇ.

ಬೆಟ್ಟದ ಊರು ಥಾಬಾ-ತ್ಸೆಕಾದಲ್ಲಿ ಟ್ಯಾಕ್ಸಿ ಇಳಿದು ಅದರ ನೆತ್ತಿಯಿಂದ ಸೈಕಲ್ ಇಳಿಸುವಾಗ ನೋಡುತ್ತೇನೆ, ತೆಬೆಲ್ಲೊಳ ಸೈಕಲ್ಲಿನಲ್ಲಿ ನನ್ನ ಚೀಲವಿಲ್ಲ. ಕಪ್ಪಗೆ ಮಿರಿಮಿರಿ ಮಿಂಚುವ, ನೀರು ಇಳಿಯದ ಹೊಸ ಚೀಲ.

"ಬೊಕಾಂಗ್ ಕೊಟ್ಟಳು. ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ. ಶವಪೆಟ್ಟಿಗೆಗೆ ಹೊದಿಸೋ ಬಟ್ಟೆ ಥರ ಇದೆ" ಅಂದೆ.

ಇಬ್ಬರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ತೆಬೆಲ್ಲೊಳ ಈ ಹೊಸ ಗೆಳತಿ ಬೊಕಾಂಗ್‌ಗೆ ಇಪ್ಪತ್ತೆಂಟು ವರ್ಷ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಉದ್ದ ಕಾಲು, ದೊಡ್ಡ ಬಾಯಿ, ಯಾರನ್ನು ಕಂಡರೂ ಮೊದಲು ತಾನೇ ಮಾತಾಡಿಸುವ ಸ್ವಭಾವ. ನನ್ನನ್ನು ಔಸಿ ಮೊಸೆಲೆ ಎಂದು ಕರೆಯುತ್ತಿದ್ದಳು, ನಮ್ಮಲ್ಲಿ ಅಕ್ಕನನ್ನು ಕರೆಯುವ ಹಾಗೆ. ತೆಬೆಲ್ಲೊ ನನಗಿಂತ ಎರಡು ವರ್ಷ ದೊಡ್ಡವಳು. ಅವಳನ್ನು ಮಾತ್ರ ಬರೀ "ತೆಬಾ" ಅನ್ನುತ್ತಿದ್ದಳು. ಆ ಹೆಸರನ್ನು ಹನ್ನೊಂದು ವರ್ಷದಲ್ಲಿ ನಾನು ಒಂದು ದಿನವೂ ಬಳಸಿರಲಿಲ್ಲ.

ಮೊದಲ ದಿನವೆಲ್ಲ ಏರು, ಇಳಿವು, ಮತ್ತೆ ಏರು. ಮಳೆ ಕೊರೆದ ರಸ್ತೆಯಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು. ಹ್ಯಾಂಡಲ್ ಹಿಡಿದ ಕೈ ಮೊಣಕೈವರೆಗೂ ಜೋಮು ಹಿಡಿಯುತ್ತಿತ್ತು. ಬೊಕಾಂಗ್ ಮುಂದೆ, ಅವಳ ಹಿಂದೆ ತೆಬೆಲ್ಲೊ, ಆಮೇಲೆ ಬಹಳ ಹೊತ್ತಿನ ಮೇಲೆ ನಾನು. ಪ್ರತಿ ಏರಿನ ತಲೆಯಲ್ಲೂ ಅವರಿಬ್ಬರು ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು. ದೂರದಿಂದಲೇ ಅವರ ನಗು ಕೇಳುತ್ತಿತ್ತು. ನಾನು ಹತ್ತಿರ ಬಂದಾಗ ನಿಂತುಬಿಡುತ್ತಿತ್ತು.

"ಏನು ನಗ್ತಿದ್ರಿ?"

"ಏನಿಲ್ಲ ಕಣೇ, ಅವಳ ಆಸ್ಪತ್ರೆ ಕಥೆ. ಹೇಳಿದ್ರೆ ನಿನಗೆ ನಗು ಬರಲ್ಲ."

ಹನ್ನೊಂದು ವರ್ಷ ಇವಳನ್ನು ನಗಿಸಿದವಳು ನಾನು. ನನಗೆ ನಗು ಬರುವುದಿಲ್ಲವೆಂದು ಇವಳಿಗೆ ಯಾರು ಹೇಳಿದರು?

ನಾನು ನಿಂತ ಕೂಡಲೇ ಅವರು ಎದ್ದು ಹೊರಡುತ್ತಿದ್ದರು. ಅವರು ದಣಿವಾರಿಸಿಕೊಂಡಾಗಿರುತ್ತಿತ್ತು, ನಾನು ಮಾತ್ರ ದಣಿದೇ ಮುಂದಿನ ಏರಿಗೆ ಹೋಗಬೇಕು. ಆ ದಿನ ನಾನು ನೋಡಿದ್ದು ಬೆಟ್ಟವನ್ನಲ್ಲ, ಹೊಳೆಯನ್ನಲ್ಲ. ಇಬ್ಬರ ಬೆನ್ನುಗಳ ನಡುವೆ ಎಷ್ಟು ಅಂತರವಿದೆ, ಹೆಚ್ಚಾಯಿತೋ ಕಡಿಮೆಯಾಯಿತೋ, ಅದನ್ನೇ ನೋಡಿದೆ.

ಎರಡನೇ ದಿನ ಸೆಂಕು ನದಿ ದಾಟಿ, ಸಂಜೆಗೆ ಸೆಹೊಂಗ್‌ಹೊಂಗ್ ಸೇರಿದೆವು. ಊರಿನ ಮುಖ್ಯಸ್ಥನ ಮನೆಗೆ ಹೋಗಿ, ಅಂಗಳದಲ್ಲಿ ಟೆಂಟು ಹಾಕಲು ಅಪ್ಪಣೆ ಕೇಳಿದೆವು. ಅವನ ತಾಯಿ, ಕಂಬಳಿ ಹೊದ್ದ ಮುದುಕಿ, ನಮ್ಮ ಮೂವರಿಗೂ ಪಾಪಾ ಎಂಬ ಮೆಕ್ಕೆಜೋಳದ ಮುದ್ದೆ, ಬೇಯಿಸಿದ ಸೊಪ್ಪು ಕೊಟ್ಟು ಎದುರಿಗೆ ಕೂತಳು. ತೆಬೆಲ್ಲೊಳನ್ನೂ ಬೊಕಾಂಗ್‌ಳನ್ನೂ ನೋಡಿ ಹೇಳಿದಳು:

"ಇವರಿಬ್ರೂ ಅಕ್ಕತಂಗೀರು ಅಂತ ನೋಡಿದ್ರೇ ಗೊತ್ತಾಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಯಾರವಳಮ್ಮಾ?"

"ನಾನು ಇವರ ಹಿಂದೆ ಬರೋಳು ಅಜ್ಜಿ" ಅಂದೆ.

ಬೊಕಾಂಗ್ ಉಣ್ಣುತ್ತಿದ್ದುದು ಗಂಟಲಿಗೆ ಸಿಕ್ಕುವಷ್ಟು ನಕ್ಕಳು. ತೆಬೆಲ್ಲೊ ನಗಲಿಲ್ಲ. ನನ್ನನ್ನೇ ನೋಡಿದಳು, ನಾನು ತಟ್ಟೆ ನೋಡಿದೆ.

ಬೊಕಾಂಗ್‌ಳ ಟೆಂಟು ಇಬ್ಬರದು, ಹೊಸದು. "ನಿನ್ನ ಟೆಂಟಲ್ಲಿ ನನ್ನ ಕಾಲು ಹೊರಗೆ ಬರುತ್ತೆ" ಎಂದು ತೆಬೆಲ್ಲೊ ಅದಕ್ಕೇ ಹೋದಳು. ಆರು ವರ್ಷ ಅವೇ ಕಾಲು, ಅದೇ ಟೆಂಟು.

ಮೂರನೆಯ ದಿನ ಮತೆಬೆಂಗ್ ಘಾಟಿ ಹತ್ತುವ ದಿನ, ಇಡೀ ದಾರಿಯಲ್ಲಿ ಅತಿ ಕಷ್ಟದ್ದು. ಬೆಳಿಗ್ಗೆ ಹೊರಡುವಾಗ ನನ್ನ ಚೀಲದ ಪಟ್ಟಿ ಸಡಿಲವಾಗಿದೆಯೆಂದು ನೆಪ ತೆಗೆದೆ. "ನೀವು ಹೋಗಿರಿ, ನಾನು ಬರ್ತೀನಿ." ಪಟ್ಟಿ ಸರಿಯಾಗಿಯೇ ಇತ್ತು. ತೆಬೆಲ್ಲೊ ನನಗಾಗಿ ನಿಲ್ಲುತ್ತಾಳೋ ಇಲ್ಲವೋ ನೋಡಬೇಕಿತ್ತು. "ಸರಿ, ದಾರಿ ಕವಲೊಡೆಯೋ ಹತ್ರ ಕಾಯ್ತೀವಿ" ಎಂದು ಹೊರಟೇಬಿಟ್ಟಳು.

ನಾನು ಒಬ್ಬಳೇ ಪೆಡಲ್ ತುಳಿಯುತ್ತಿದ್ದಾಗ ಪಕ್ಕದ ಗುಡ್ಡದ ಕಾಲುದಾರಿಯಿಂದ ಇಳಿದು ಕುದುರೆಯ ಮೇಲೊಬ್ಬ ಮುದುಕ ಬಂದ. ಹಿಂದೆ ಜೋಳದ ಮೂಟೆ ಹೊತ್ತ ಕತ್ತೆ. ಹಿಟ್ಟಿನ ಗಿರಣಿಗೆ ಹೊರಟಿದ್ದವನು ನನ್ನ ಸೈಕಲ್ ನೋಡಿ ನಿಲ್ಲಿಸಿದ.

"ಘಾಟಿಗಾ, ಮ್ಮೆ?"

"ಹೌದು, ನ್ತಾತೆ." ಮ್ಮೆ ಅಂದರೆ ಅಮ್ಮ, ನ್ತಾತೆ ಅಂದರೆ ಅಪ್ಪ; ಗುರುತಿಲ್ಲದವರನ್ನೂ ನಾವು ಕರೆಯುವುದು ಹಾಗೆಯೇ.

"ಮುಂದೆ ಎರಡು ದಾರಿ ಸಿಗುತ್ತೆ. ಕೆಳಗಿನ ದಾರಿ ಹತ್ತಿರ, ಆದ್ರೆ ಹೋಗ್ಬೇಡ. ಹೋದ ವಾರದ ಮಳೆಗೆ ಗುಡ್ಡ ಜಾರಿ ದಾರೀನೇ ಇಲ್ಲ. ನಮ್ಮನೆ ಅಲ್ಲೇ ಮೇಲಿದೆ, ನಾನೇ ಸುತ್ತಿ ಬಂದೆ. ಮೇಲಿನ ರಸ್ತೇಲೇ ಹೋಗು. ಜೊತೆಯವರಿದ್ರೆ ಅವರಿಗೂ ಹೇಳು."

ಹೇಳುತ್ತೇನೆ ಅಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ.

ಕವಲಿನಲ್ಲಿ ಅವರಿಬ್ಬರೂ ಒಂದೇ ಕಲ್ಲಿನ ಮೇಲೆ ಕೂತಿದ್ದರು. ನನಗೂ ತೆಬೆಲ್ಲೊಳಿಗೂ ಎಂದು ನಾನು ಕಟ್ಟಿ ತಂದಿದ್ದ, ಹಿಟ್ಟಿನ ಉಂಡೆಗಳನ್ನು ಎಣ್ಣೆಯಲ್ಲಿ ಕರಿದ ಮಕ್ವೆನ್ಯಾಗಳಲ್ಲಿ ಕೊನೆಯದನ್ನು ತೆಬೆಲ್ಲೊ ಮುರಿದು ಅರ್ಧ ಬೊಕಾಂಗ್‌ಗೆ ಕೊಡುತ್ತಿದ್ದಳು. ನನ್ನನ್ನು ಕಂಡು, "ಅಯ್ಯೋ, ನಿನಗೆ ಉಳಿಸಬೇಕಿತ್ತು" ಅಂದಳು.

ಬೊಕಾಂಗ್ ಫೋನಿನ ನಕ್ಷೆ ತೋರಿಸಿದಳು. "ಕೆಳಗಿನ ದಾರಿಯಲ್ಲಿ ಹೋದ್ರೆ ಆರು ಕಿಲೋಮೀಟರ್ ಉಳಿಯುತ್ತೆ ಔಸಿ. ಏನಂತೀಯಾ?"

ಮಾತು ನಾಲಿಗೆಯ ತುದಿಯಲ್ಲಿತ್ತು. "ಕೆಳಗಿನ ದಾರಿ ಜಾರಿದೆಯಂತೆ." ಅಷ್ಟೇ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

"ನೀವಿಬ್ರೂ ಅದರಲ್ಲೇ ಹೋಗಿ. ನನ್ನ ಮಂಡಿಗೆ ದೊಡ್ಡ ರಸ್ತೇನೇ ಸರಿ. ಮೇಲೆ ಸಿಗೋಣ."

"ಬೇಡ, ಒಟ್ಟಿಗೇ ಹೋಗೋಣ" ಅಂದಳು ತೆಬೆಲ್ಲೊ.

"ಎಷ್ಟು ದಿನ ನನಗೆ ಕಾಯ್ತೀಯಾ? ಹೋಗು, ಅವಳ ಜೊತೆ ಹೋಗು."

ತೆಬೆಲ್ಲೊ ಸೈಕಲ್ ಏರಿದಳು.

ನನ್ನ ಲೆಕ್ಕ ಇಷ್ಟೇ ಇತ್ತು: ಹೋಗುತ್ತಾರೆ, ದಾರಿಯಿಲ್ಲವೆಂದು ನೋಡುತ್ತಾರೆ, ಬೈದುಕೊಂಡು ಸೈಕಲ್ ಹೊತ್ತು ವಾಪಸ್ಸು ಬರುತ್ತಾರೆ. ಈ ಒಂದು ಸಲ ನಾನು ಮೇಲೆ ಕಲ್ಲಿನ ಮೇಲೆ ಕೂತು ಕಾಯುತ್ತೇನೆ, ಅವರು ಏದುಸಿರು ಬಿಡುತ್ತಾ ಬರಲಿ. ಆ ಯೋಚನೆಯೇ ನನ್ನ ಕಾಲಿಗೆ ಬಲ ಕೊಟ್ಟಿತು. ಅಂಥ ಏರಿನಲ್ಲಿ ಎರಡೇ ಸಲ ಇಳಿದು ತಳ್ಳಿದೆ.

ಮಧ್ಯಾಹ್ನಕ್ಕೆ ಘಾಟಿಯ ನೆತ್ತಿಯಲ್ಲಿದ್ದೆ. ಅಲ್ಲಿ ಮರವಿಲ್ಲ, ಮನೆಯಿಲ್ಲ. ಗಾಳಿಯಲ್ಲಿ ಹುಲ್ಲು ಒಂದೇ ಕಡೆಗೆ ಮಲಗಿತ್ತು. ಕೂತೆ. ಅರ್ಧ ಗಂಟೆ ಹಿತವಾಗಿಯೇ ಇತ್ತು. ಅವರು ಬಂದಾಗ ಏನನ್ನಬೇಕೆಂದು ಎರಡು ಮೂರು ಮಾತು ಜೋಡಿಸಿಕೊಂಡೆ. ಒಂದು ಗಂಟೆಯಾಯಿತು. ಎರಡಾಯಿತು. ಪಶ್ಚಿಮದಿಂದ ಕಪ್ಪು ಮೋಡ ಬಂದು ಆಲಿಕಲ್ಲು ಸುರಿಯತೊಡಗಿತು. ಹೆಲ್ಮೆಟ್ಟಿನ ಮೇಲೆ ಅದು ಬೀಳುವ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಸೈಕಲ್ಲಿನ ಪಕ್ಕದಲ್ಲಿ ಮುದುರಿ ಕೂತು, ರಸ್ತೆಯ ತಿರುವನ್ನೇ ನೋಡುತ್ತಾ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಅವರಿಬ್ಬರೂ ಎಲ್ಲೋ ಬೆಚ್ಚಗೆ ಕೂತು ನನ್ನನ್ನು ಮರೆತಿದ್ದಾರೆ ಎಂದು. ಆಗಲೂ ಹೊಟ್ಟೆ ಉರಿಯಿತು. ಅವರಿಗೆ ಏನಾದರೂ ಆಗಿರಬಹುದೆಂಬುದು ಹೊಳೆದದ್ದು ಆಮೇಲೆ. ಈ ಸಂಗತಿ ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಹೀಗೆ.

ಬಂದ ದಾರಿಯಲ್ಲೇ ಇಳಿದೆ. ಒದ್ದೆ ಜಲ್ಲಿಯಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ, ಒಂದು ಸಲ ಬಿದ್ದು ಮೊಣಕೈ ತರಚಿತು. ಕವಲಿನಿಂದ ಕೆಳಗಿನ ದಾರಿ ಹಿಡಿದು ಹೋದರೆ, ಒಂದು ತಿರುವಿನಾಚೆ ದಾರಿ ಕತ್ತರಿಸಿ ತೆಗೆದ ಹಾಗಿತ್ತು. ಕೆಂಪು ಮಣ್ಣು, ಬಂಡೆ, ಬುಡ ಸಮೇತ ಉರುಳಿದ ಪೊದೆಗಳು. ಅದರ ಮೇಲೆ ಟೈರಿನ ಗುರುತು. ಅವರು ಹಿಂದಿರುಗಿರಲಿಲ್ಲ, ದಾಟಲು ನೋಡಿದ್ದರು. ಅದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಮೇಲಿನ ಗುಡಿಸಲೊಂದರಿಂದ ಹೊಗೆ ಏಳುತ್ತಿತ್ತು. ಹತ್ತಿ ಹೋದೆ. ಅಂಗಳದಲ್ಲಿ ಬೊಕಾಂಗ್ ಮೈಯೆಲ್ಲ ಕೆಸರಾಗಿ ನಿಂತಿದ್ದಳು. ನನ್ನನ್ನು ಕಂಡವಳೇ ಓಡಿ ಬಂದು ತಬ್ಬಿಕೊಂಡಳು.

"ಬಂದ್ಯಾ ಔಸಿ. ಅಲ್ಲಿ ಒಬ್ಳೇ ಆ ಆಲಿಕಲ್ಲಲ್ಲಿ ಏನಾಗಿದ್ದೀಯೋ ಅಂತ ನಮಗೆ ಜೀವವೇ ಇರಲಿಲ್ಲ. ತೆಬಾ ಕಾಲು ಉಳುಕಿದೆ, ಊದ್ಕೊಂಡಿದೆ. ಈ ನ್ತಾತೆ ಲೆತುಕಾ ಬರದಿದ್ರೆ ಅವಳನ್ನ ನಾನೊಬ್ಳೇ ಎತ್ತೋಕೆ ಆಗ್ತಿರಲಿಲ್ಲ."

ಬಾಗಿಲಲ್ಲಿ ಬೆಳಗಿನ ಮುದುಕ ನಿಂತಿದ್ದ. ಗಿರಣಿಯಿಂದ ವಾಪಸ್ಸು ಬಂದಿದ್ದ. ನನ್ನನ್ನು ಗುರುತಿಸಿದ. "ಒಳಗೆ ಬಾ, ಮ್ಮೆ. ಚಹಾ ಇದೆ" ಎಂದ.

ಸ್ವಲ್ಪ ಹೊತ್ತಿಗೆ ಅವನೂ ಬೊಕಾಂಗ್‌ಳೂ ಸೈಕಲ್ಲುಗಳನ್ನು ಎಳೆದು ತರಲು ಹೋದರು. ತೆಬೆಲ್ಲೊ ಗೋಡೆಗೊರಗಿ ಕೂತಿದ್ದಳು, ಕಾಲಿಗೆ ಹಳೇ ಬಟ್ಟೆ ಸುತ್ತಿತ್ತು.

"ಬೆಳಿಗ್ಗೆ ನಿಮ್ಮ ಜೊತೆಯವಳಿಗೆ ಹೇಳಿದ್ದೆನಲ್ಲ ಅಂದ ಅವನು" ಅಂದಳು. "ಬೊಕಾಂಗ್ ನೀರಿಗೆ ಹೋಗಿದ್ಲು. ಅವಳಿಗೆ ಗೊತ್ತಿಲ್ಲ."

"ಇಷ್ಟಾಗುತ್ತೆ ಅಂತ ನನಗೆ..."

"ಇಷ್ಟಾಗಲಿ ಅಂತ ನೀನು ಬಯಸಲಿಲ್ಲ, ಗೊತ್ತು. ಎಷ್ಟಾಗಲಿ ಅಂತ ಬಯಸಿದ್ದೆ?"

ಅವಳು ಕಾಲಿನ ಬಟ್ಟೆಯನ್ನು ಮತ್ತೆ ಬಿಗಿದುಕೊಂಡಳು.

"ಅವಳನ್ನ ಯಾಕೆ ಕರಕೊಂಡು ಬಂದೆ ಗೊತ್ತಾ? ನಿನ್ನ ಜೊತೆ ಒಬ್ಳೇ ಬರೋಕೆ ನನಗೆ ಭಯ ಆಗೋದು ಕಣೇ. ಎರಡು ವರ್ಷದಿಂದ. ನಾನು ಯಾರ ಜೊತೆ ಊಟ ಮಾಡಿದೆ, ಯಾರ ಫೋನು ಮೊದಲು ಎತ್ತಿದೆ, ಎಲ್ಲ ನೀನು ಎಣಿಸ್ತೀಯ. ಬೆಟ್ಟ ಹತ್ತೋದು ನನಗೆ ಕಷ್ಟ ಅಲ್ಲ. ನಿನ್ನ ಮುಖ ನೋಡ್ತಾ ಹತ್ತೋದು ಕಷ್ಟ."

ಇಷ್ಟು ದಿನ ಆ ಹುಡುಗಿ ನನ್ನಿಂದ ಇವಳನ್ನು ಕಿತ್ತುಕೊಂಡಳೆಂದು ನಂಬಿದ್ದೆ. ಹಾಗಾಗಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಲೆತುಕಾ ತನ್ನ ಕುದುರೆಯ ಮೇಲೆ ತೆಬೆಲ್ಲೊಳನ್ನು ಕೂರಿಸಿ ಸೆಹೊಂಗ್‌ಹೊಂಗ್‌ನ ಆಸ್ಪತ್ರೆಗೆ ಹೊರಡಿಸಿದ. ಅವಳ ಸೈಕಲ್ ಕತ್ತೆಯ ಮೇಲೆ. ನಾವಿಬ್ಬರೂ ಜೊತೆಗೆ ಬರುತ್ತೇವೆಂದರೆ ತೆಬೆಲ್ಲೊ ಒಪ್ಪಲಿಲ್ಲ.

"ನನ್ನ ಪ್ರಯಾಣ ಹಾಳಾಯ್ತು. ನೀವಿಬ್ರೂ ಮುಗಿಸಿ" ಅಂದಳು. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ಅವಳಿಗೆ ನೀನೇ ಹೇಳು. ನಾನು ಹೇಳಲ್ಲ."

ಹೀಗೆ ನಾನು ಬೊಕಾಂಗ್‌ಳ ಜೊತೆ ಎರಡನೇ ಸಲ ಮತೆಬೆಂಗ್ ಹತ್ತಿದೆ. ಅವಳು ನನಗಾಗಿ ನಿಧಾನವಾಗಿ ತುಳಿಯುತ್ತಿದ್ದಳು. ನನ್ನ ಒಲೆ, ಪಾತ್ರೆಗಳನ್ನೂ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ನೆತ್ತಿ ತಲುಪಿದಾಗ ಹೇಳಿದೆ. ಮುದುಕ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಮಕ್ವೆನ್ಯಾವನ್ನೂ ಬಿಡದೆ.

ಅವಳು ಒಂದೇ ಪ್ರಶ್ನೆ ಕೇಳಿದಳು.

"ತೆಬಾ ಬದಲು ನಾನೊಬ್ಳೇ ಆ ದಾರೀಲಿ ಹೋಗಿದ್ರೆ, ನನ್ನನ್ನ ಹುಡುಕಿಕೊಂಡು ವಾಪಸ್ ಬರ್ತಿದ್ಯಾ?"

"ಗೊತ್ತಿಲ್ಲ" ಅಂದೆ.

ಅವಳು ಚೀಲ ಬಿಚ್ಚಿ ನನ್ನ ಒಲೆ, ಪಾತ್ರೆಗಳನ್ನು ತೆಗೆದು ರಸ್ತೆಯ ಮೇಲಿಟ್ಟಳು. ಸೈಕಲ್ ಏರಿ ಇಳಿಜಾರಿನಲ್ಲಿ ಹೋದಳು. ನಾನು ನಮ್ಮ ದಾರಿಯ ಕೊನೆಯ ಊರು ಸೆಹ್ಲಾಬಥೆಬೆ ತಲುಪುವಷ್ಟರಲ್ಲಿ ಅವಳು ಟ್ಯಾಕ್ಸಿ ಹಿಡಿದು ಹೋಗಿದ್ದಳು.

ಮಸೇರುವಿಗೆ ಬಂದು ಐದು ವಾರ ನಾನು ತೆಬೆಲ್ಲೊಳಿಗೆ ಫೋನ್ ಮಾಡಲಿಲ್ಲ. ಆರನೆಯ ವಾರ ಒಂದು ಭಾನುವಾರ ಮನೆಗೇ ಹೋದೆ. ಬಾಗಿಲು ತೆಗೆದವಳು ಬೊಕಾಂಗ್, ಕೈಯಲ್ಲಿ ಮುದ್ದೆ ತಿರುವುವ ಕೋಲು. ಒಳಗೆ ಬಾ ಅನ್ನಲಿಲ್ಲ, ಬಾಗಿಲಿಗೆ ಅಡ್ಡವಾಗಿಯೂ ನಿಲ್ಲಲಿಲ್ಲ.

ಮೂವರೂ ಊಟಕ್ಕೆ ಕೂತೆವು. ತೆಬೆಲ್ಲೊ ಕುಂಟುತ್ತಾ ಓಡಾಡುತ್ತಿದ್ದಳು. ಮಾತು ಮುಂದಿನ ವರ್ಷದ ದಾರಿಯ ಕಡೆಗೆ ಹೊರಳಿತು. ಯಾರೂ ನನ್ನನ್ನು ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಿಂದಾಗಿದ್ದರೆ ಕರೆಯಲಿ ಎಂದು ಕಾದು, ಕರೆಯಲಿಲ್ಲವೆಂದು ವರ್ಷವಿಡೀ ಕುದಿಯುತ್ತಿದ್ದೆ.

"ನಾನೂ ಬರ್ಲಾ?" ಎಂದು ಕೇಳಿದೆ.

ತೆಬೆಲ್ಲೊ ತಟ್ಟೆ ನೋಡಿದಳು. ಬೊಕಾಂಗ್ ಅವಳ ಮುಖ ನೋಡಿ, ಆಮೇಲೆ ನನ್ನನ್ನು ನೋಡಿದಳು.

"ಬಾ. ಆದ್ರೆ ಮುಂದೆ ನೀನೇ ಹೋಗ್ಬೇಕು ಔಸಿ. ನನ್ನ ಕಣ್ಣೆದುರಿಗೆ. ಮಂಡಿ ನೋವು ಅಂದ್ರೆ ಹಿಂದಿನಿಂದ ತಳ್ತೀನಿ."

ತೆಬೆಲ್ಲೊ ನಕ್ಕಳು. ಎಷ್ಟೋ ವಾರಗಳ ಮೇಲೆ ಆ ನಗು ಕೇಳಿದ್ದೆ. ಅದನ್ನು ತರಿಸಿದ್ದು ಬೊಕಾಂಗ್‌ಳ ಮಾತು, ನನ್ನದಲ್ಲ. ಎದೆಯೊಳಗೆ ಚುರುಕ್ಕೆಂದಿತು. ಸುಮ್ಮನೆ ಇನ್ನಷ್ಟು ಸೊಪ್ಪು ಬಡಿಸಿಕೊಂಡೆ.